ಸೊಸೈಟಿ ಠೇವಣಿಯಿಂದ ಸರ್ಕಾರಿ ಬಾಂಡ್‌ಗೆ: ವಿಜಯಪುರದ ದುಡ್ಡಿರುವ ಮನೆಗಳಿಗೆ

ನಾನು ವಿಜಯಪುರದಲ್ಲಿ ಟ್ಯಾಕ್ಸ್ ರಿಟರ್ನ್ ತುಂಬಿಕೊಡುವವಳು. ನನ್ನ ಹತ್ತಿರ ಬರುವವರಲ್ಲಿ ಒಣದ್ರಾಕ್ಷಿ ವ್ಯಾಪಾರಿಗಳು, ಡಾಕ್ಟರುಗಳು, ತಿಕೋಟಾ ಕಡೆಯ ದೊಡ್ಡ ತೋಟದವರು ಜಾಸ್ತಿ. ಅವರ ಫೈಲ್ ಬಿಚ್ಚಿದರೆ ಹೊಲದ ಕಾಗದ, ಬಂಗಾರದ ಬಿಲ್ಲು, ಸೊಸೈಟಿ ಠೇವಣಿ ರಸೀದಿಗಳ ಒಂದು ಕಟ್ಟು. ಸರ್ಕಾರಿ ಬಾಂಡ್, ಅಂದರೆ ಸರ್ಕಾರಕ್ಕೆ ನಾವು ಕೊಡುವ ಸಾಲದ ಪತ್ರ, ಮಾತ್ರ ಇರುವುದಿಲ್ಲ.

"ಮೇಡಂ, ಸೊಸೈಟ್ಯಾಗ ಹತ್ತು ಪರ್ಸೆಂಟ್ ಕೊಡ್ತಾರ್ರಿ, ಸರ್ಕಾರದ್ದು ಏಳು ತಗೊಂಡು ಏನ್ ಮಾಡೂದು?" ಅಂತ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ಅದು ಮುಳುಗಿದರೆ ಯಾರು ಕೊಡ್ತಾರೆ? ಬ್ಯಾಂಕಿನಲ್ಲಿ ಇಟ್ಟಿದ್ದಕ್ಕೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಪತ್ತಿನ ಸಂಘ, ಸೌಹಾರ್ದ ಸಹಕಾರಿಗೆ ಅದೂ ಇಲ್ಲ. 2 ಲಕ್ಷ ಇಟ್ಟವರಿಗೆ ಇದು ದೊಡ್ಡ ಪ್ರಶ್ನೆ ಅಲ್ಲದಿರಬಹುದು. 80 ಲಕ್ಷ ಇಟ್ಟವರಿಗೆ ಇದೇ ಪ್ರಶ್ನೆ.

ಕೊಳ್ಳಲು ಏಜೆಂಟ್ ಬೇಕಿಲ್ಲ. ಸರ್ಕಾರಿ ಬಾಂಡನ್ನು ಜನ ನೇರವಾಗಿ ಕೊಳ್ಳಲು ರಿಸರ್ವ್ ಬ್ಯಾಂಕ್ 2021ರ ನವೆಂಬರ್‌ನಲ್ಲಿ ರಿಟೇಲ್ ಡೈರೆಕ್ಟ್ ಅಂತ ಆನ್‌ಲೈನ್ ಖಾತೆ ಶುರು ಮಾಡಿತು. ಖಾತೆ ತೆರೆಯೋಕೆ ಫೀ ಇಲ್ಲ, ನಡೆಸೋಕೂ ಇಲ್ಲ. ಪ್ಯಾನ್, ಆಧಾರ್, ಉಳಿತಾಯ ಖಾತೆ, ಮೊಬೈಲ್, ಇಮೇಲ್ ಇದ್ದರೆ ಸಾಕು. ನಮ್ಮ ಕಡೆ ಸಿಕ್ಕಿಬೀಳುವುದು ಹೆಸರಲ್ಲಿ. ಪ್ಯಾನ್‌ನಲ್ಲಿ ಅಡ್ಡಹೆಸರು ಮೊದಲು, ಆಧಾರ್‌ನಲ್ಲಿ ಕೊನೆಗೆ, ಪಾಸ್‌ಬುಕ್‌ನಲ್ಲಿ ಅಡ್ಡಹೆಸರೇ ಇಲ್ಲ. ಮೊದಲು ಅದನ್ನು ಸರಿಮಾಡಿಸಿ. ಗಂಡ-ಹೆಂಡತಿ ಜಂಟಿಯಾಗಿ ತೆರೆಯಬಹುದು, ಆದರೆ ಅಂಗಡಿ ಅಥವಾ ಫರ್ಮ್ ಹೆಸರಲ್ಲಿ ಆಗುವುದಿಲ್ಲ. ನಾಮಿನಿ ಕಾಲಂ ಖಾಲಿ ಬಿಡಬೇಡಿ.

ಹೊಸ ಬಾಂಡ್‌ಗಳನ್ನು ಹರಾಜಿನಲ್ಲಿ ಮಾರುತ್ತಾರೆ, ಅದಕ್ಕೆ ವಾರದ ದಿನ ಗೊತ್ತುಮಾಡಿದ್ದಾರೆ. ಸಾಮಾನ್ಯವಾಗಿ ಮಂಗಳವಾರ ರಾಜ್ಯಗಳ ಬಾಂಡ್, ಬುಧವಾರ ಟ್ರೆಜರಿ ಬಿಲ್ (ಒಂದು ವರ್ಷದೊಳಗೆ ಮುಗಿಯುವ ಕೇಂದ್ರದ ಸಾಲಪತ್ರ), ಶುಕ್ರವಾರ ಕೇಂದ್ರದ ಬಾಂಡ್. ಕನಿಷ್ಠ 10,000 ರೂಪಾಯಿ. ಕೇಂದ್ರದ ಬಾಂಡ್ ಆದರೆ ಒಂದು ಹರಾಜಿನಲ್ಲಿ ಒಂದು ಬಾಂಡ್‌ಗೆ 2 ಕೋಟಿಯವರೆಗೆ ಹಾಕಬಹುದು. ದರ ನೀವು ಹೇಳಬೇಕಿಲ್ಲ. ದೊಡ್ಡ ಬ್ಯಾಂಕುಗಳು ಪೈಪೋಟಿ ಮಾಡಿ ಬಂದ ಸರಾಸರಿ ಬೆಲೆಗೇ ನಿಮಗೂ ಸಿಗುತ್ತದೆ. ಕರ್ನಾಟಕ ಸರ್ಕಾರದ್ದು ಕೇಂದ್ರದ್ದಕ್ಕಿಂತ ಸ್ವಲ್ಪ ಜಾಸ್ತಿ ಕೊಡುತ್ತದೆ, ನನಗೆ ಅದೇ ಇಷ್ಟ.

ಬಾಂಡ್ ಹೆಸರಲ್ಲೇ ಅರ್ಧ ಲೆಕ್ಕ ಇರುತ್ತದೆ. "7.10% ಜಿಎಸ್ 2034" ಅಂದರೆ ಕೇಂದ್ರ ಸರ್ಕಾರದ ಬಾಂಡ್, ವರ್ಷಕ್ಕೆ 7.10 ಪರ್ಸೆಂಟ್ ಬಡ್ಡಿ, 2034ರಲ್ಲಿ ಅಸಲು ವಾಪಸ್. ಇದರ ಬಡ್ಡಿ ಏಪ್ರಿಲ್ 8ಕ್ಕೆ, ಅಕ್ಟೋಬರ್ 8ಕ್ಕೆ. 10 ಲಕ್ಷಕ್ಕೆ ಸಲಕ್ಕೆ 35,500 ರೂಪಾಯಿ ಖಾತೆಗೆ ಬೀಳುತ್ತದೆ. ಇಂಥದ್ದನ್ನು ಜುಲೈ 8ರ ಸುಮಾರಿಗೆ ಕೊಂಡರೆ 10 ಲಕ್ಷದ ಮೇಲೆ ಹದಿನೇಳು-ಹದಿನೆಂಟು ಸಾವಿರ ಜಾಸ್ತಿ ಕಟ್ಟಿಸಿಕೊಳ್ಳುತ್ತಾರೆ. ಗಾಬರಿ ಬೇಡ. ಏಪ್ರಿಲ್‌ನಿಂದ ಅಲ್ಲಿವರೆಗಿನ ಬಡ್ಡಿ ಅದು. ಅಕ್ಟೋಬರ್‌ನಲ್ಲಿ ಪೂರ್ತಿ ಆರು ತಿಂಗಳದ್ದು ನಿಮಗೇ ಬರುತ್ತದಲ್ವಾ?

ಯಾವ ವರ್ಷದ್ದು ಕೊಳ್ಳಬೇಕು ಅನ್ನೋದನ್ನು ಬಡ್ಡಿ ನೋಡಿ ಅಲ್ಲ, ಮನೆ ಖರ್ಚು ನೋಡಿ ತೀರ್ಮಾನಿಸಿ. ಮುಂದಿನ ವರ್ಷ ಕೋಲ್ಡ್ ಸ್ಟೋರೇಜ್ ಕಟ್ಟುವವರಿಗೆ 364 ದಿನದ ಟ್ರೆಜರಿ ಬಿಲ್. ಮಗಳ ಮದುವೆಯೋ ಮಗನ ಮೆಡಿಕಲ್ ಸೀಟೋ ಐದು ವರ್ಷಕ್ಕಿದ್ದರೆ ಆ ವರ್ಷ ಮುಗಿಯುವ ಬಾಂಡ್. 30 ವರ್ಷದ್ದನ್ನು ಸುಮ್ನೆ ಕೊಳ್ಳಬೇಡಿ. ಪೇಟೆಯಲ್ಲಿ ಬಡ್ಡಿ ಒಂದು ಪರ್ಸೆಂಟ್ ಏರಿದರೆ ಅದರ ಬೆಲೆ ಹತ್ತು ಪರ್ಸೆಂಟ್‌ಗಿಂತ ಜಾಸ್ತಿ ಇಳಿಯಬಹುದು. ಕೊನೆವರೆಗೆ ಇಟ್ಟುಕೊಂಡರೆ ಅಸಲು ಪೂರ್ತಿ ಬರುತ್ತದೆ, ನಡುವೆ ಮಾರಿದರೆ ಪೆಟ್ಟು.

ಪಾಲಿಕೆ ಬಾಂಡ್ ಬಗ್ಗೆಯೂ ಈಗ ಕೇಳುತ್ತಾರೆ. ಅಮೆರಿಕದ ಶ್ರೀಮಂತರು ಅದನ್ನು ರಾಶಿ ರಾಶಿ ಇಟ್ಟುಕೊಳ್ಳುವುದು ಅಲ್ಲಿ ಅದರ ಬಡ್ಡಿಗೆ ಸಾಮಾನ್ಯವಾಗಿ ಕೇಂದ್ರದ ಆದಾಯ ತೆರಿಗೆ ಇಲ್ಲದ್ದಕ್ಕೆ. ಇಲ್ಲಿ 1997ರಲ್ಲಿ ಬೆಂಗಳೂರು ಪಾಲಿಕೆ ಮೊದಲು ತಂದಿತು. 2023ರಲ್ಲಿ ಇಂದೋರ್ ಪಾಲಿಕೆ ಸೋಲಾರ್ ಘಟಕಕ್ಕಾಗಿ 8.25%ಗೆ ಸಾರ್ವಜನಿಕರಿಂದಲೂ ಎತ್ತಿತು. ಆದರೆ ಇಂದೋರ್‌ನಂಥದ್ದರ ಬಡ್ಡಿಗೆ ಟ್ಯಾಕ್ಸ್ ಇದೆ. ಷೇರು ಇಡುವಂಥ ಡಿಮ್ಯಾಟ್ ಖಾತೆ ಬೇಕು, ಮಾರುವಾಗ ಗಿರಾಕಿ ಸಿಗುವುದು ಕಷ್ಟ. ರುಚಿ ನೋಡಲು ಸ್ವಲ್ಪ ಸಾಕು.

ಈಗ ನನ್ನ ಕೆಲಸದ ಭಾಗ. ಹೀಗೆ ಹರಾಜಿನಲ್ಲಿ ಕೊಂಡ ಸರ್ಕಾರಿ ಬಾಂಡ್ ಬಡ್ಡಿಗೆ ಸಾಮಾನ್ಯವಾಗಿ ಟಿಡಿಎಸ್, ಅಂದರೆ ಬಡ್ಡಿ ಕೊಡುವಾಗಲೇ ಕತ್ತರಿಸುವ ಟ್ಯಾಕ್ಸ್, ಹಿಡಿಯುವುದಿಲ್ಲ. ಹಿಡಿಯದ್ದಕ್ಕೆ ಟ್ಯಾಕ್ಸೇ ಇಲ್ಲ ಅಂದುಕೊಳ್ಳುವವರು ಬಹಳ. 30%ರ ಸ್ಲ್ಯಾಬಿನವರಿಗೆ ಸೆಸ್ ಸೇರಿ 7.10ರಲ್ಲಿ ಕೈಗೆ ಉಳಿಯುವುದು ಸುಮಾರು 4.88. ತೋಟದವರೇ, ದ್ರಾಕ್ಷಿ ದುಡ್ಡಿಗೆ ಟ್ಯಾಕ್ಸ್ ಇಲ್ಲ, ನಿಜ. ಆದರೆ ಬಡ್ಡಿಗೆ ಯಾವ ದರ ಅಂತ ಲೆಕ್ಕ ಹಾಕುವಾಗ ಆ ಆದಾಯವನ್ನೂ ಸೇರಿಸಬೇಕಾಗಬಹುದು. ಹಾಗಾಗಿ ಹೊಲದ ಲೆಕ್ಕ ಮುಚ್ಚಿಡಬೇಡಿ. ವರ್ಷದ ತೆರಿಗೆ 10,000 ದಾಟುವಂತಿದ್ದರೆ ಅಡ್ವಾನ್ಸ್ ಟ್ಯಾಕ್ಸ್ ಕಂತು ಕಟ್ಟುತ್ತಾ ಹೋಗಿ. ಬರುವಾಗ ಬಾಂಡ್ ಖಾತೆಯ ಸ್ಟೇಟ್‌ಮೆಂಟ್ ಪೂರ್ತಿ ಪ್ರಿಂಟ್ ತನ್ನಿ. ವಾಟ್ಸಾಪ್‌ನಲ್ಲಿ ಅರ್ಧ ಕತ್ತರಿಸಿದ ಸ್ಕ್ರೀನ್‌ಶಾಟ್ ನಡೆಯುವುದಿಲ್ಲ.