ಗಣಪತಿ ಪೆಂಡಾಲ್‌ಗೆ ಬಾಕ್ಸ್ ಕಟ್ಟುವ ಮುಂಚೆ ಓಮ್ಸ್ ನೋಡಿ

ಮಂಡ್ಯದಲ್ಲಿ ಗಣಪತಿ ಕೂರಿಸುವ ಹುಡುಗರೇ, ಸೌಂಡ್ ಸೆಟ್ ಅಂದರೆ ಎಲ್ಲರೂ ಕೇಳುವುದು ವ್ಯಾಟ್ಸ್. ಓಮ್ಸ್ ಕಡೆ, ಅಂದರೆ ಸ್ಪೀಕರ್ ಬಾಕ್ಸ್ ಕರೆಂಟ್‌ಗೆ ಒಡ್ಡುವ ತಡೆಯ ಕಡೆ, ಯಾರೂ ತಿರುಗಿ ನೋಡುವುದಿಲ್ಲ, ಅಲ್ವಾ?

8 ಓಮ್ಸ್ ಬಾಕ್ಸ್ ಎರಡನ್ನು ಪ್ಯಾರಲಲ್ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಕೊಟ್ಟರೆ 4 ಓಮ್ಸ್ ಆಗುತ್ತದೆ. ನಾಲ್ಕು ಕೊಟ್ಟರೆ 2. ಓಮ್ಸ್ ಇಳಿದಷ್ಟೂ ಆಂಪ್ಲಿಫೈಯರ್ ಮೇಲೆ ಕರೆಂಟ್ ಎಳೆತ ಜಾಸ್ತಿ, ಬಿಸಿಯೂ ಜಾಸ್ತಿ. ಆಂಪ್ಲಿಫೈಯರ್ ಹಿಂದೆ ಟರ್ಮಿನಲ್ ಪಕ್ಕ ‘ಮಿನಿಮಮ್ 4 ಓಮ್ಸ್’ ಅಂತ ಇದ್ದರೆ ಒಂದು ಚಾನೆಲ್‌ಗೆ (ಒಂದು ಔಟ್‌ಪುಟ್‌ಗೆ) ಪ್ಯಾರಲಲ್‌ನಲ್ಲಿ ಇಂಥವು ಎರಡೇ. ನಾಲ್ಕು ಬೇಕೇ ಬೇಕು ಅಂದರೆ ಎರಡೆರಡನ್ನು ಸೀರೀಸ್ ಮಾಡಿ (ಒಂದರ ಮೈನಸ್ ಇನ್ನೊಂದರ ಪ್ಲಸ್‌ಗೆ), ಆ ಎರಡು ಜೋಡಿಯನ್ನು ಪ್ಯಾರಲಲ್ ಕೊಡಿ. ಲೆಕ್ಕ ಮತ್ತೆ 8 ಓಮ್ಸ್‌ಗೇ ಬರುತ್ತದೆ. ಆದರೆ ನಾಲ್ಕೂ ಒಂದೇ ಥರದ ಬಾಕ್ಸ್ ಆಗಿರಬೇಕು.

ಮಲ್ಟಿಮೀಟರ್ ಇಟ್ಟಾಗ 8 ಓಮ್ಸ್ ಸ್ಪೀಕರ್ 6ರ ಆಸುಪಾಸು ತೋರಿಸುತ್ತದೆ. ಸುಮ್ನೆ ಗಾಬರಿಯಾಗಬೇಡಿ, ಮೀಟರ್ ಅಳೆಯುವುದು ಕಾಯಿಲ್‌ನ ಡಿಸಿ ರೆಸಿಸ್ಟೆನ್ಸ್ ಮಾತ್ರ; ಬಾಕ್ಸ್ ಮೇಲಿನ 8 ಅನ್ನುವುದು ಹಾಡು ಓಡುವಾಗಿನ (ಎಸಿ) ತಡೆ.

ಬೀದಿಯುದ್ದಕ್ಕೂ ಹಾರ್ನ್ ಕಟ್ಟುವುದಾದರೆ ಲೆಕ್ಕವೇ ಬೇರೆ. 100 ವೋಲ್ಟ್ ಲೈನ್ (ಉದ್ದದ ವೈರ್‌ಗೆಂದೇ ಆಂಪ್ಲಿಫೈಯರ್ ಕೊಡುವ ಹೆಚ್ಚು ವೋಲ್ಟೇಜ್ ಔಟ್‌ಪುಟ್) ಬಳಸಿ, ಪ್ರತಿ ಹಾರ್ನ್‌ಗೂ ಆ ವೋಲ್ಟೇಜ್ ಇಳಿಸುವ ಲೈನ್ ಟ್ರಾನ್ಸ್‌ಫಾರ್ಮರ್ ಇರಲಿ. ಅಲ್ಲಿ ವ್ಯಾಟ್ಸ್ ಕೂಡಿಸಬೇಕು: 15 ವ್ಯಾಟ್ಸ್ ಟ್ಯಾಪ್‌ನ (ಟ್ರಾನ್ಸ್‌ಫಾರ್ಮರ್‌ನಲ್ಲಿ ವ್ಯಾಟ್ಸ್ ಆರಿಸುವ ಕನೆಕ್ಷನ್) ಆರು ಹಾರ್ನ್ ಅಂದರೆ 90 ವ್ಯಾಟ್ಸ್. ಆಂಪ್ಲಿಫೈಯರ್ ಅದಕ್ಕಿಂತ ಸ್ವಲ್ಪ ದೊಡ್ಡದೇ ಇರಲಿ. 100 ವೋಲ್ಟ್ ಟರ್ಮಿನಲ್‌ಗೆ 8 ಓಮ್ಸ್ ಬಾಕ್ಸ್ ನೇರವಾಗಿ ಮಾತ್ರ ಕೊಡಲೇಬೇಡಿ.