ಕೆಂಪಿನ ಹತ್ತಿರಕ್ಕೂ ಹೋಗದ ಮುಳ್ಳು

ಕಾರು ತಂದ ಮೊದಲ ವಾರ ಓಡಿಸುವಾಗ ನನಗೆ ಏನೂ ಅನ್ನಿಸಲಿಲ್ಲ. ಸಮಸ್ಯೆ ಇದ್ದದ್ದೇ ಅಲ್ಲಿ. ಸ್ವೀಡನ್ನಿನ 1987ರ ಸಾಬ್ 900 ಟರ್ಬೊ, 16 ವಾಲ್ವಿನ ಎಂಜಿನ್, ನಾಲ್ಕು ಬಾಗಿಲು. ಈ ಕಾರಿನ ಬಗ್ಗೆ ಇಪ್ಪತ್ತು ವರ್ಷದಿಂದ ಓದಿಕೊಂಡು ಬಂದವನು ನಾನು. ಆಕ್ಸಿಲರೇಟರ್ ತುಳಿದರೆ ಬೆನ್ನು ಸೀಟಿಗೆ ಒತ್ತಿಕೊಳ್ಳಬೇಕು ಅಂತ ಕಾದೆ. ಅದು ಮಾತ್ರ ಮದುವೆಗೆ ಹೊರಟ ಹಿರಿಯರ ಹಾಗೆ ಗಾಂಭೀರ್ಯದಿಂದ ಹೋಗುತ್ತಿತ್ತು.

ಮಾರಿದವರು ಹೇಳಿದ್ದು ಒಂದೇ ಮಾತು: ‘ಹಳೇ ಕಾರು, ಇಷ್ಟೇ ಪಿಕಪ್ಪು.’ ನಾನೂ ಸ್ವಲ್ಪ ದಿನ ನಂಬಿದೆ. ಆಮೇಲೆ ಒಂದು ರಾತ್ರಿ ಕಂಪನಿಯ ಅಂಕಿಗಳನ್ನು ಹಾಳೆ ಮೇಲೆ ಬರೆದುಕೊಂಡು ಕೂತೆ. 1985 ಸಿಸಿ, ನಾಲ್ಕು ಸಿಲಿಂಡರ್. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಎಷ್ಟು ಪಟ್ಟು ಒತ್ತಿಕೊಳ್ಳುತ್ತದೆ ಅನ್ನುವುದು, 9:1. ಗ್ಯಾರೆಟ್ ಟಿ3 ಟರ್ಬೊ (ಎಂಜಿನ್ನಿನ ಹೊಗೆಯಿಂದಲೇ ತಿರುಗಿ ಒಳಗೆ ಹೆಚ್ಚು ಗಾಳಿ ತಳ್ಳುವ ಪಂಪು), ಜೊತೆಗೆ ಆ ಗಾಳಿ ತಣಿಸುವ ಇಂಟರ್‌ಕೂಲರ್. 5300 ಆರ್‌ಪಿಎಂನಲ್ಲಿ 175 ಹಾರ್ಸ್‌ಪವರ್. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಮಾದರಿಗೆ 160. ನನ್ನದರಲ್ಲಿ ಅದಿಲ್ಲ.

ಎಲ್ಲರೂ ಹೇಳುವುದು ಈ 175ರ ಬಗ್ಗೆಯೇ. ನನಗೆ ಮುಖ್ಯ ಅನ್ನಿಸಿದ್ದು ಪಕ್ಕದ ಸಾಲು: 3000 ಆರ್‌ಪಿಎಂನಲ್ಲಿ 273 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಳೆತ. ಲೆಕ್ಕ ಹಾಕಿ ನೋಡಿ. 5300ರಲ್ಲಿ 175 ಹಾರ್ಸ್‌ಪವರ್ ಬರಬೇಕಾದರೆ ಅಲ್ಲಿ ಸುಮಾರು 232 ನ್ಯೂಟನ್ ಮೀಟರ್ ಇದ್ದರೆ ಸಾಕು. ಅಂದರೆ ಮೇಲೆ ಹೋದಂತೆ ಎಳೆತ ಕಡಿಮೆಯಾಗುತ್ತದೆ. ಇದು ಕಿರುಚಿಸಿ ಓಡಿಸುವ ಎಂಜಿನ್ ಅಲ್ಲ, ಮಧ್ಯದಲ್ಲಿ ಎಳೆಯುವ ಎಂಜಿನ್. ನನ್ನ ಕಾರು 6000ದವರೆಗೂ ಖುಷಿಯಾಗಿ ಏರುತ್ತಿತ್ತು, ಆದರೆ 3000ದಲ್ಲಿ ಸುಮ್ನೆ ಇರುತ್ತಿತ್ತು. ಇರಬೇಕಾದ ಜಾಗದಲ್ಲೇ ಎಳೆತ ಇಲ್ಲ. ವಯಸ್ಸಾದ ಎಂಜಿನ್ ಎಲ್ಲ ಕಡೆ ಸೊರಗಬೇಕು, ಒಂದೇ ಕಡೆ ಅಲ್ಲ, ಅಲ್ವಾ?

ಇನ್ನೊಂದು ಸುಳಿವು ಡ್ಯಾಶ್‌ಬೋರ್ಡಿನಲ್ಲೇ ಇತ್ತು. ಟರ್ಬೊ ಎಂಜಿನ್ನಿಗೆ ತಳ್ಳುವ ಗಾಳಿಯ ಒತ್ತಡವೇ ಬೂಸ್ಟ್. ಈ ಕಾರಿನ ಬೂಸ್ಟ್ ಮೀಟರಿನಲ್ಲಿ ಅಂಕಿಗಳೇ ಇಲ್ಲ, ಬರೀ ಬಣ್ಣದ ಪಟ್ಟಿ. ಮೊದಲು ಬಿಳಿ, ಆಮೇಲೆ ಹಳದಿ, ಕೊನೆಗೆ ಕೆಂಪು. ಪೂರ್ತಿ ತುಳಿದಾಗ ಮುಳ್ಳು ಹಳದಿಯ ಕೊನೆಗೆ, ಕೆಂಪಿನ ಹತ್ತಿರ ಹೋಗಬೇಕು. ನನ್ನದು ಹಳದಿಯ ಅರ್ಧಕ್ಕೂ ಹೋಗದೆ ನಿಂತುಬಿಡುತ್ತಿತ್ತು. ಬಣ್ಣ ನೋಡಿ ರೋಗ ಹೇಳೋಕಾಗಲ್ಲ. ಇನ್‌ಟೇಕ್ ಮ್ಯಾನಿಫೋಲ್ಡಿನ ಪೈಪಿಗೆ ಟಿ ಜಾಯಿಂಟ್ ಹಾಕಿ, ಅಂಕಿ ಇರುವ ಮೀಟರ್ ಒಂದನ್ನು ಒಳಗೆಳೆದು ಸೀಟಿನ ಪಕ್ಕ ಟೇಪಿನಿಂದ ಅಂಟಿಸಿದೆ. ಓದಿದ್ದು 0.4 ಬಾರ್. ಎಷ್ಟು ತುಳಿದರೂ 0.4.

ಆ ಸಂಖ್ಯೆ ನೋಡಿದ ಮೇಲೆ ಅರ್ಧ ಉತ್ತರ ಸಿಕ್ಕಿದ ಹಾಗಾಯಿತು. ಯಾಕೆ ಅಂತ ಹೇಳಬೇಕಾದರೆ ಎಪಿಸಿ ಬಗ್ಗೆ, ಅಂದರೆ ಬೂಸ್ಟನ್ನು ತಾನೇ ಏರಿಸಿ ಇಳಿಸುವ ಸಾಬ್ ವ್ಯವಸ್ಥೆಯ ಬಗ್ಗೆ, ಹೇಳಬೇಕು.

ಟರ್ಬೊ ಎಂಜಿನ್‌ಗೆ ದೊಡ್ಡ ಭಯ ನಾಕಿಂಗ್. ಪೆಟ್ರೋಲ್ ತನ್ನ ಸಮಯಕ್ಕೆ ಮೊದಲೇ ಸಿಡಿದರೆ ಪಿಸ್ಟನ್ ಹಾಳು. ಅದಕ್ಕೇ ಹಿಂದಿನವರು ಕಂಪ್ರೆಷನ್ ತುಂಬಾ ಇಳಿಸುತ್ತಿದ್ದರು. ಸಾಬ್‌ನ ಮೊದಲ ಟರ್ಬೊಗಳಲ್ಲಿ ಅದು 7.2:1 ಮಾತ್ರ. ಬೂಸ್ಟ್ ಬರುವ ತನಕ ಅಂಥ ಎಂಜಿನ್ ಮಂಕು. ಸಾಬ್ ಎಂಜಿನಿಯರ್ ಪೆರ್ ಯಿಲ್‌ಬ್ರಾಂಡ್ ಮತ್ತು ಅವರ ತಂಡ ಬೇರೆ ದಾರಿ ಹಿಡಿದರು. ಎಂಜಿನ್ ಬ್ಲಾಕಿಗೆ ಒಂದು ನಾಕ್ ಸೆನ್ಸರ್ ಕೂರಿಸಿದರು. ಅದು ಕಿವಿ ಇದ್ದ ಹಾಗೆ. ನಾಕಿಂಗ್ ಕೇಳಿದ ತಕ್ಷಣ ಬೂಸ್ಟ್ ತಗ್ಗುತ್ತದೆ, ಕೇಳದಿದ್ದರೆ ಏರುತ್ತದೆ. 1982ರ ಮಾದರಿಯಿಂದ ಇದು ಬಂತು, ಕಂಪ್ರೆಷನ್ 8.5ಕ್ಕೆ ಏರಿತು. 16 ವಾಲ್ವಿನದರಲ್ಲಿ 9. ನನ್ನ ಲೆಕ್ಕದಲ್ಲಿ ಈ ಕಾರಿನ ನಿಜವಾದ ಜಾಣತನ ಟರ್ಬೊದಲ್ಲಿಲ್ಲ, ಈ ಕಿವಿಯಲ್ಲಿದೆ.

ಬೂಸ್ಟ್ ಏರಿಸುವ ಕೆಲಸ ಕರೆಂಟಿನಿಂದ ಆಡುವ ಒಂದು ಸೊಲೆನಾಯ್ಡ್ ವಾಲ್ವಿನದು. ಕೈಮುಷ್ಟಿಗಿಂತ ಚಿಕ್ಕದು, ಮುಂದುಗಡೆ ರೇಡಿಯೇಟರ್ ಹತ್ತಿರ ಕೂತಿರುತ್ತದೆ. ಮೂರು ಮೂತಿ, ಪ್ರತಿಯೊಂದಕ್ಕೂ ಒಂದೊಂದು ಅಕ್ಷರ: ಸಿ, ಡಬ್ಲ್ಯು, ಆರ್. ಸಿ ಮೂತಿಗೆ ಟರ್ಬೊದ ಗಾಳಿ ತಳ್ಳುವ ಭಾಗವಾದ ಕಂಪ್ರೆಸರ್‌ನಿಂದ ಗಾಳಿ ಬರುತ್ತದೆ. ಡಬ್ಲ್ಯು ಹೋಗುವುದು ವೇಸ್ಟ್‌ಗೇಟಿಗೆ, ಅಂದರೆ ಟರ್ಬೊ ತಿರುಗಿಸುವ ಹೊಗೆಯನ್ನು ಪಕ್ಕಕ್ಕೆ ಬಿಟ್ಟು ಬೂಸ್ಟ್ ತಗ್ಗಿಸುವ ಬಾಗಿಲಿಗೆ. ಆರ್ ವಾಪಸ್ ದಾರಿ. ವಾಲ್ವ್ ಸುಮ್ಮನಿದ್ದರೆ ಗಾಳಿಯೆಲ್ಲ ವೇಸ್ಟ್‌ಗೇಟಿಗೆ ಹೋಗಿ ಅದನ್ನು ಬೇಗ ತೆರೆಸುತ್ತದೆ, ಬೂಸ್ಟ್ ಕನಿಷ್ಠ ಮಟ್ಟದಲ್ಲೇ ಉಳಿಯುತ್ತದೆ. ವಾಲ್ವ್ ಮಿಡಿಯಲು ಶುರು ಮಾಡಿದರೆ ಸ್ವಲ್ಪ ಗಾಳಿ ಆರ್ ಕಡೆ ಸೋರಿ, ವೇಸ್ಟ್‌ಗೇಟ್ ತಡವಾಗಿ ತೆರೆದು, ಬೂಸ್ಟ್ ಏರುತ್ತದೆ. ವೈರ್ ಕಿತ್ತುಹೋದರೂ ಎಂಜಿನ್ ಸುರಕ್ಷಿತ, ಆದರೆ ಪೆದ್ದು. ನನ್ನ 0.4 ಹೇಳುತ್ತಿದ್ದದ್ದು ಇದನ್ನೇ.

ಆದರೂ ಆತುರ ಪಡಲಿಲ್ಲ. ಎಂಜಿನ್ನೇ ಸವೆದಿದ್ದರೆ ಬೂಸ್ಟ್ ಏರಿಸಿ ಏನು ಪ್ರಯೋಜನ? ನಾಲ್ಕೂ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು ಕಂಪ್ರೆಷನ್ ನೋಡಿದೆ. ನಾಲ್ಕೂ 11ರಿಂದ 11.5 ಬಾರ್ ಒಳಗೆ. ಗಟ್ಟಿ. ಆಮೇಲೆ ರಬ್ಬರ್ ಪೈಪುಗಳು. ಎರಡು ಬಿರಿದಿದ್ದವು, ಬದಲಿಸಿದೆ. ಬೂಸ್ಟ್ ಅಲ್ಲಾಡಲಿಲ್ಲ. ಸೊಲೆನಾಯ್ಡ್ ಬಿಚ್ಚಿ ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟೆ. ಟಕ್ ಅಂತು. ವಾಲ್ವ್ ಬದುಕಿದೆ. ಉಳಿದದ್ದು ಕನೆಕ್ಟರ್. ಎಳೆದು ನೋಡಿದರೆ ಒಂದು ಪಿನ್ ಹಸಿರು ಪುಡಿಯಾಗಿ ಕೈಗೆ ಬಂತು. ಅದರ ಮೇಲೆ ಯಾರೋ ನೀಟಾಗಿ ಇನ್ಸುಲೇಷನ್ ಟೇಪು ಸುತ್ತಿದ್ದರು. ಯಾವ ಪುಣ್ಯಾತ್ಮನೋ. ಹೊಸ ಪಿನ್ ಹಾಕುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಅದನ್ನು ಹುಡುಕುವುದಕ್ಕೆ ಮೂರು ಭಾನುವಾರ ಹೋಗಿತ್ತು.

ರಿಪೇರಿಗೆ ಮುಂಚೆಯೇ ಒಂದು ಅಳತೆ ತೆಗೆದಿಟ್ಟಿದ್ದು ಒಳ್ಳೆಯದಾಯಿತು. ರೇಸ್ ಟ್ರ್ಯಾಕಿನಲ್ಲಿ, ಸಮತಟ್ಟಾದ ಕಡೆ, ನಾಲ್ಕನೇ ಗೇರಿನಲ್ಲಿ ಗಂಟೆಗೆ 80ರಿಂದ 120 ಕಿ.ಮೀ. ಎರಡೂ ದಿಕ್ಕಿಗೆ ಓಡಿಸಿ ಸರಾಸರಿ. ಸೊನ್ನೆಯಿಂದ ನೂರು ಅಳೆಯುವ ಚಟ ನನಗಿಲ್ಲ. ಈ ಕಾರಿಗೆ ಅದು ಸುಮಾರು 9 ಸೆಕೆಂಡ್ ಅಂತಾರೆ, ಆದರೆ ಅದರಲ್ಲಿ ಗೊತ್ತಾಗುವುದು ಓಡಿಸುವವನ ಎಡಗಾಲು, ಎಂಜಿನ್ ಅಲ್ಲ. ಕ್ಲಚ್ಚಿಗೂ ಗೇರ್‌ಬಾಕ್ಸಿಗೂ ಸುಮ್ನೆ ಹಿಂಸೆ. ಮುಂಚೆ ಬಂದದ್ದು 11 ಸೆಕೆಂಡ್. ಪಿನ್ ಹಾಕಿದ ಮೇಲೆ 8ಕ್ಕಿಂತ ಸ್ವಲ್ಪ ಕಡಿಮೆ. ಮೀಟರಿನಲ್ಲಿ 0.8.

ಸಂಖ್ಯೆಗಿಂತ ಅನುಭವ ಬೇರೆ. 2000ದಲ್ಲಿ ಪೂರ್ತಿ ತುಳಿದರೆ ಒಂದು ಕ್ಷಣ ಏನೂ ಇಲ್ಲ. ಎಲ್ಲಿಂದಲೋ ಸಣ್ಣಗೆ ಒಂದು ಸಿಳ್ಳೆ. ಮುಳ್ಳು ಬಿಳಿ ಬಿಟ್ಟು ಹಳದಿಗೆ ಜಾರುತ್ತದೆ, 3000 ಹತ್ತಿರ ಬಂದಾಗ ಯಾರೋ ಹಿಂದಿನಿಂದ ದಬ್ಬಿದ ಹಾಗೆ ಕಾರು ಮುನ್ನುಗ್ಗುತ್ತದೆ. ಎರಡನೇ ಗೇರಿನಲ್ಲಿ ಸ್ಟೀರಿಂಗ್ ಕೈಯಲ್ಲಿ ಅಲುಗುತ್ತದೆ, ಎಂಜಿನ್ನಿನ ಎಳೆತವೆಲ್ಲ ಹೋಗುವುದು ಮುಂದಿನ ಚಕ್ರಗಳಿಗೇ ಅಲ್ವಾ. ತಿರುವಿನ ಮಧ್ಯದಲ್ಲಿ ತುಳಿಯಬಾರದು, ಮೊದಲೇ ತುಳಿದು ಕಾಯಬೇಕು. ಇದು ಕಲಿಯುವುದಕ್ಕೆ ನನಗೆ ಒಂದು ತಿಂಗಳು ಹಿಡಿಯಿತು. ಆ ಕಾಯುವಿಕೆ ಇಷ್ಟವಿಲ್ಲದವರು ಹೊಸ ಕಾರು ಓಡಿಸಲಿ. ನನ್ನ ಟರ್ಬೊಗೆ ನೀರಿನ ತಂಪೂ ಇಲ್ಲ, ಎಣ್ಣೆ ಮಾತ್ರ. ಹಾಗಾಗಿ ಜೋರಾಗಿ ಓಡಿಸಿ ಬಂದ ಮೇಲೆ ಒಂದೆರಡು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟೇ ಆಫ್ ಮಾಡುತ್ತೇನೆ. ಆಮೇಲೆ ರಿವರ್ಸ್ ಗೇರಿಗೆ ಹಾಕಬೇಕು, ಇಲ್ಲದಿದ್ದರೆ ಸೀಟುಗಳ ನಡುವಿನ ಕೀ ಹೊರಗೇ ಬರುವುದಿಲ್ಲ.

ಈಗ ಮೂರನೇ ಗೇರಿನಲ್ಲಿ ಎಳೆಯುವಾಗ ಗೇರ್‌ಬಾಕ್ಸಿನಿಂದ ಸಣ್ಣಗೆ ಕೊರಗಿದ ಹಾಗೆ ಸದ್ದು ಕೇಳಿಸುತ್ತಿದೆ. ಬೂಸ್ಟ್ ಇಲ್ಲದಿದ್ದಾಗ ಅದೂ ಸುಮ್ಮನಿತ್ತು. ಈ ಕಾರಿನ ಗೇರ್‌ಬಾಕ್ಸ್ ಎಂಜಿನ್ನಿನ ಕೆಳಗೇ ಇದೆ. ಕ್ಲಚ್ ಆಗಿದ್ದರೆ ಮುಂದುಗಡೆಯಿಂದ ಹಾಗೇ ಬಿಚ್ಚಬಹುದಿತ್ತು. ಗೇರ್‌ಬಾಕ್ಸ್ ಬಿಚ್ಚಬೇಕಾದರೆ ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ಒಟ್ಟಿಗೇ ಮೇಲೆತ್ತಬೇಕು. ಚೈನ್ ಪುಲ್ಲಿ ಬಾಡಿಗೆಗೆ ಹೇಳಿಟ್ಟಿದ್ದೇನೆ.