ಜಂಕ್ ಬುಟ್ಟಿಯಿಂದ ಕಟ್ಟಿದ ಸಂಗ್ರಹ

ಜಪಾನಿನ ಹಳೆ ಸಾಮಾನಿನ ಅಂಗಡಿಗಳ ಜಂಕ್ ಬುಟ್ಟಿಗಳಿಂದ ನಾನು ಕಟ್ಟಿದ ಹಳೆಯ ವಿಡಿಯೋ ಗೇಮ್‌ಗಳ ಸಂಗ್ರಹ ಇದು: ಒಂಬತ್ತು ಯಂತ್ರಗಳು, ಎಂಟು ಬಗೆಯ ಆಟಗಳು. ಫ್ಯಾಮಿಕಾಮ್, ಅದಕ್ಕೆ ಜೋಡಿಸುವ ಡಿಸ್ಕ್ ಸಿಸ್ಟಮ್, ಸೂಪರ್ ಫ್ಯಾಮಿಕಾಮ್, ಗೇಮ್ ಬಾಯ್, ಮೆಗಾ ಡ್ರೈವ್, ಪಿಸಿ ಎಂಜಿನ್, ಸ್ಯಾಟರ್ನ್, ಪ್ಲೇಸ್ಟೇಷನ್, ವಂಡರ್‌ಸ್ವಾನ್ ಒಂದು ಕಡೆ. ಆರ್‌ಪಿಜಿ (ಪಾತ್ರವಾಗಿ ಆಡುವ ಕಥೆಯ ಆಟ), ಶೂಟಿಂಗ್, ಆ್ಯಕ್ಷನ್, ಪಝಲ್, ಕ್ರೀಡೆ, ಸಿಮ್ಯುಲೇಷನ್, ಓದುವ ಸಾಹಸದ ಆಟ, ಮೇಜಿನಾಟ ಇನ್ನೊಂದು ಕಡೆ. ಯಂತ್ರಗಳನ್ನೂ ಬಗೆಗಳನ್ನೂ ಕೂಡಿಸಿ ಕೋಷ್ಟಕ ಬರೆದು, ಅದರ ಒಂದು ಮನೆಗೆ ಒಂದೇ ಆಟ ಎಂದು ನಿಯಮ ಹಾಕಿಕೊಂಡೆ. ಫೈಟಿಂಗ್ ಆಟಗಳನ್ನು ಆ್ಯಕ್ಷನ್ ಜೊತೆಗೇ ಸೇರಿಸಿದ್ದೇನೆ. ಜಗಳಕ್ಕೆ ಬರುವವರು ಬರಬಹುದು.

ಈಗ ಅರವತ್ತರ ಆಸುಪಾಸು ಮನೆಗಳು ತುಂಬಿವೆ. ಮಾರಿದ್ದನ್ನು ಕಳೆದು ನೋಡಿದರೆ ಕೈಯಿಂದ ಹೋದದ್ದು ಸುಮಾರು ಅರವತ್ತು ಸಾವಿರ ಯೆನ್. ಯೆನ್‌ಗೆ ಅರವತ್ತು ಪೈಸೆಯಂತೆ ಗುಣಿಸಿಕೊಳ್ಳಿ. ಟೋಕಿಯೊದ ಅಕಿಹಬಾರದ ಆಟದಂಗಡಿಗಳಲ್ಲಿ ಗಾಜಿನ ಕಪಾಟಿನ ಮುಂದೆ ನಿಂತರೆ ಇಷ್ಟು ಹಣಕ್ಕೆ ಡಬ್ಬಿ ಸಮೇತ ಎರಡು ಶೂಟಿಂಗ್ ಆಟ ಬಂದರೆ ಅದೇ ಪುಣ್ಯ.

ನಾನು ಶುರು ಮಾಡಿದ್ದು 2022ರ ಕೊನೆಯಲ್ಲಿ. ಆ ಅಕ್ಟೋಬರ್‌ನಲ್ಲಿ ಜಪಾನು ಪ್ರವಾಸಿಗರಿಗೆ ಮತ್ತೆ ಬಾಗಿಲು ತೆರೆದಿತ್ತು, ಅದೇ ತಿಂಗಳು ಒಂದು ಡಾಲರ್‌ಗೆ ಯೆನ್ 150 ದಾಟಿತ್ತು. ಹೊರಗಿನಿಂದ ಬಂದವರು ಸೂಟ್‌ಕೇಸ್ ತುಂಬಿಸಿಕೊಂಡು ಹೋಗುತ್ತಿದ್ದ ಕಾಲ. ಯೊಕೊಹಾಮಾದಲ್ಲಿ ಪರಿಚಯವಾದ ಹಿರಿಯ ಸಂಗ್ರಾಹಕರೊಬ್ಬರು ನನ್ನ ಕೋಷ್ಟಕ ನೋಡಿ, "ಹತ್ತು ವರ್ಷ ತಡವಾಗಿ ಬಂದಿದ್ದೀರಿ. ಈಗ ಬುಟ್ಟಿಗಳಲ್ಲಿ ಉಳಿದಿರುವುದು ಬೇಸ್‌ಬಾಲ್ ಮತ್ತು ಮಾಜಾಂಗ್ ಮಾತ್ರ" ಎಂದರು. ಇಲ್ಲಿನ ಕನ್ನಡದ ಗೆಳೆಯರಂತೂ, ಇಷ್ಟು ಹಣಕ್ಕೆ ಊರಿನಲ್ಲಿ ಸೈಟಿನ ಒಂದು ಕಂತು ಕಟ್ಟಬಹುದಿತ್ತು ಎಂದು ಈಗಲೂ ಹೇಳುತ್ತಾರೆ.

ಹಿರಿಯರು ಹೇಳಿದ್ದು ನಿಜವೇ. ಆದರೆ ನನ್ನ ಕೋಷ್ಟಕದಲ್ಲಿ ಬೇಸ್‌ಬಾಲ್‌ಗೂ ಮನೆಯಿದೆ, ಬಿಲ್ಲೆಗಳ ಮೇಜಿನಾಟವಾದ ಮಾಜಾಂಗ್‌ಗೂ ಮನೆಯಿದೆ. ಒಂದು ಆಟದ ಬೆಲೆ ಏರುವುದು ಅದನ್ನು ಓದದೆಯೂ ಆಡಬಹುದಾದಾಗ. ಶೂಟಿಂಗ್ ಆಟಕ್ಕೆ ಭಾಷೆ ಬೇಡ, ಹಾರುವ ಓಡುವ ಆಟಕ್ಕೂ ಬೇಡ. ಹಾಗಾಗಿ ಇಡೀ ಜಗತ್ತು ಅವುಗಳ ಹಿಂದೆ ಬೀಳುತ್ತದೆ. ಸನ್‌ಸಾಫ್ಟ್‌ನ 'ಗಿಮಿಕ್', ನಕ್ಸಾಟ್‌ನ 'ರೆಕ್ಕಾ' ಫ್ಯಾಮಿಕಾಮ್‌ಗೆ ಬಂದದ್ದು 1992ರಲ್ಲಿ, ಎಲ್ಲರ ಕಣ್ಣೂ ಸೂಪರ್ ಫ್ಯಾಮಿಕಾಮ್ ಮೇಲೆ ನೆಟ್ಟಿದ್ದಾಗ. ಇವತ್ತು ಡಬ್ಬಿಯಿಲ್ಲದ ಬರೀ ಕಾರ್ಟ್ರಿಡ್ಜ್‌ಗೇ (ಯಂತ್ರಕ್ಕೆ ಸಿಕ್ಕಿಸುವ ಆಟದ ತುಂಡು) ಹತ್ತಾರು ಸಾವಿರ ಯೆನ್. ಅದೇ ವರ್ಷ ಚುನ್‌ಸಾಫ್ಟ್ ಸೂಪರ್ ಫ್ಯಾಮಿಕಾಮ್‌ಗೆ ತಂದ 'ಒತೊಗಿರಿಸೊ' ಸೌಂಡ್ ನಾವೆಲ್ (ಶಬ್ದ, ಚಿತ್ರಗಳ ಜೊತೆ ಓದುವ ಕಥೆ) ಎಂಬ ಪ್ರಕಾರವನ್ನೇ ಹುಟ್ಟುಹಾಕಿತು. ಅದು ನನಗೆ ಸಿಕ್ಕಿದ್ದು 110 ಯೆನ್‌ಗೆ. ಎರಡು ವರ್ಷದ ನಂತರ ಬಂದ 'ಕಮೈತಾಚಿ ನೊ ಯೊರು' ಕೂಡ ಅಷ್ಟಕ್ಕೇ. ಸ್ಯಾಟರ್ನ್‌ನ 'ಮಾಚಿ' ಸಾವಿರ ಯೆನ್‌ಗಿಂತ ಒಳಗೆ. ಹೊರಗಿನವರಿಗೆ ಓದಲು ಬರುವುದಿಲ್ಲ, ಜಪಾನಿನವರು ಆಗಲೇ ಆಡಿ ಮುಗಿಸಿದ್ದಾರೆ. ಕಚೇರಿಯ ಪ್ರಗತಿ ವರದಿಗಳಿಗಾಗಿ ಕಲಿತ ಜಪಾನಿ ಭಾಷೆ ನನಗೆ ಇಲ್ಲಿ ಲಾಭ ತಂದಿತು. ಫ್ಯಾಮಿಕಾಮ್ ಕಾಲದ ಆಟಗಳಲ್ಲಿ ಹೆಚ್ಚಾಗಿ ಕಂಜಿ (ಅರ್ಥ ಸೂಚಿಸುವ ಚೀನೀ ಲಿಪಿ) ಇರುವುದಿಲ್ಲ, ಬರೀ ಕಾನಾ (ಉಚ್ಚಾರದ ಅಕ್ಷರಗಳು). ಓದುವುದು ಸುಲಭ, ಅರ್ಥ ಹಿಡಿಯುವುದು ಕಷ್ಟ, ಏಕೆಂದರೆ ಒಂದೇ ಉಚ್ಚಾರದ ನಾಲ್ಕು ಪದಗಳಲ್ಲಿ ಯಾವುದೆಂದು ಸಂದರ್ಭ ನೋಡಿ ಊಹಿಸಬೇಕು.

ಹೆಚ್ಚು ಮಾರಾಟವಾದ ಆಟಗಳದ್ದೂ ಇದೇ ಕಥೆ. 1988ರ 'ಡ್ರ್ಯಾಗನ್ ಕ್ವೆಸ್ಟ್ 3' ಲಕ್ಷಾಂತರ ಮನೆಗಳಲ್ಲಿದ್ದ ಆಟ, ಆದ್ದರಿಂದಲೇ ಬುಟ್ಟಿಯ ತಳದಲ್ಲಿ ಬಿದ್ದಿರುತ್ತದೆ. ಸೂಪರ್ ಫ್ಯಾಮಿಕಾಮ್‌ನ 'ಸ್ಟ್ರೀಟ್ ಫೈಟರ್ 2' ಅಂತೂ ಎತ್ತಿ ಪಕ್ಕಕ್ಕಿಟ್ಟು ಇಟ್ಟು ಕೈ ನೋಯುತ್ತದೆ. ಅಪರೂಪದ್ದನ್ನೇ ಹುಡುಕುವವರು ಇವುಗಳನ್ನು ಮುಟ್ಟುವುದಿಲ್ಲ. ನನಗೆ ಬೇಕಾದದ್ದು ಪ್ರಕಾರದ ಒಳ್ಳೆಯ ಮಾದರಿ, ಅಪರೂಪವಲ್ಲ.

ಸುತ್ತಾಟದ ದಾರಿ ಹೇಳುತ್ತೇನೆ, ಅಂಗಡಿ ಹೇಳುವುದಿಲ್ಲ. ಟೋಕಿಯೊ ನಗರದೊಳಗೆ ಹೋಗಬೇಡಿ. ರಾಷ್ಟ್ರೀಯ ಹೆದ್ದಾರಿ 16 ಯೊಕೊಹಾಮಾದಿಂದ ಮಾಚಿದಾ, ಸಗಾಮಿಹಾರಾ, ಹಚಿಯೋಜಿ ಹಾದು ಕವಗೊಎ ಕಡೆಗೆ ಟೋಕಿಯೊವನ್ನು ಬಳಸಿಕೊಂಡು ಹೋಗುತ್ತದೆ. ಪ್ರವಾಸಿಗರು ಅಲ್ಲಿಗೆ ಬರುವುದಿಲ್ಲ, ಏಕೆಂದರೆ ಕಾರಿಲ್ಲದೆ ತಲುಪುವುದು ಕಷ್ಟ. ಹೆದ್ದಾರಿಯ ಬದಿಯ ಹಾರ್ಡ್ ಆಫ್‌ನಂತಹ ಹಳೆ ಸಾಮಾನಿನ ಅಂಗಡಿಗಳಲ್ಲಿ ಜಂಕ್ ಬುಟ್ಟಿಗಳ ಸಾಲೇ ಇರುತ್ತದೆ. ಜಂಕ್ ಎಂದರೆ ಖಾತರಿಯಿಲ್ಲ, ಹಿಂದಿರುಗಿಸುವಂತಿಲ್ಲ, ಪರೀಕ್ಷೆಯನ್ನೂ ಮಾಡಿರುವುದಿಲ್ಲ. ಬುಟ್ಟಿಗೆ ಹೊಸ ಸಾಮಾನು ಬೀಳುವ ವಾರವೂ ಹೊತ್ತೂ ಅಂಗಡಿಯಿಂದ ಅಂಗಡಿಗೆ ಬೇರೆ. ಅದನ್ನು ಪತ್ತೆ ಮಾಡಲು ನನಗೆ ಒಂದು ವರ್ಷ ಹಿಡಿಯಿತು, ನಿಮಗೂ ಹಿಡಿಯಲಿ.

ಕಾರ್ಟ್ರಿಡ್ಜ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವುಗಳ ಸ್ಕ್ರೂ ಬಿಚ್ಚುವ 3.8 ಮಿಮೀ ಬಿಟ್, ನೀರಿಲ್ಲದ ಎಥನಾಲ್, ಹತ್ತಿಕಡ್ಡಿ ಎಲ್ಲರ ಬಳಿಯೂ ಇವೆ. "ಕೆಲಸ ಮಾಡುವುದಿಲ್ಲ" ಎಂಬ ಚೀಟಿ ಅಂಟಿದ ಹತ್ತರಲ್ಲಿ ಎಂಟು ಕಾರ್ಟ್ರಿಡ್ಜ್‌ಗಳು ಪಿನ್ ಒರೆಸಿದ ಕೂಡಲೇ ಏಳುತ್ತವೆ. ಆಡಿದಷ್ಟು ಸೇವ್ ಆಗಿ ಉಳಿಯದವಕ್ಕೆ ಒಳಗಿನ ಬ್ಯಾಟರಿ ಬದಲು: ಸೂಪರ್ ಫ್ಯಾಮಿಕಾಮ್‌ಗೆ ಸಿಆರ್2032, ಗೇಮ್ ಬಾಯ್‌ಗೆ ತೆರೆದು ನೋಡಿಯೇ ತೀರ್ಮಾನಿಸಿ, 1616 ಇರಬಹುದು, 2025 ಇರಬಹುದು. ಲೋಹದ ಕಾಲು ಮೊದಲೇ ಬೆಸುಗೆಯಾಗಿ ಬರುವ ಬ್ಯಾಟರಿಯನ್ನೇ ಕೊಳ್ಳಿ. ಬ್ಯಾಟರಿ ಹಿಡಿಕೆ ಅಂಟಿಸಿ ಕಾರ್ಟ್ರಿಡ್ಜ್ ಹೊದಿಕೆಯ ಒಳಭಾಗ ಕೊರೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಹಳೆಯ ಮಾಲೀಕನ ಸೇವ್ ಅಳಿಯದಂತೆ ಬ್ಯಾಟರಿ ಬದಲಿಸುವ ನನ್ನ ವಿಧಾನವೊಂದಿದೆ. ಅದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಯಾರೋ ಮಗು 1993ರಲ್ಲಿ ಕೊನೆಯ ಕೋಟೆಯ ಬಾಗಿಲಲ್ಲಿ ನಿಲ್ಲಿಸಿ ಹೋದ ಆಟವನ್ನು ನಾನು ಮುಗಿಸಿಕೊಟ್ಟದ್ದಿದೆ.

ನಿಜವಾದ ಕಾಟ ಕೊಟ್ಟದ್ದು ಡಿಸ್ಕ್ ಸಿಸ್ಟಮ್. 1986ರ ಈ ಯಂತ್ರದ ಒಳಗೆ ಒಂದು ಸಣ್ಣ ರಬ್ಬರ್ ಬೆಲ್ಟ್ ಇದೆ. ಇಷ್ಟು ವರ್ಷಗಳಲ್ಲಿ ಅದು ಕರಗಿ ಡಾಂಬರಾಗಿರುತ್ತದೆ. ಕೆರೆದು ತೆಗೆಯಲು ಒಂದು ಸಂಜೆ ಬೇಕು, ಬೆರಳಿನ ಕಪ್ಪು ಹೋಗಲು ಒಂದು ವಾರ. ಹೊಸ ಬೆಲ್ಟ್ ಹಾಕಿದರೆ ಮುಗಿಯಿತೆಂದು ವಿಡಿಯೋಗಳಲ್ಲಿ ಹೇಳುತ್ತಾರೆ. ಮುಗಿಯುವುದಿಲ್ಲ. ಬೆಲ್ಟ್ ಹಾಕಿದ ಮೇಲೆ ತಿರುಗುವ ಅಕ್ಷಕ್ಕೂ ಹೆಡ್ ಹೊರಡುವ ಜಾಗಕ್ಕೂ ಹೊಂದಾಣಿಕೆ ತಪ್ಪಿರುತ್ತದೆ, ಕೂದಲೆಳೆಯಷ್ಟು ವ್ಯತ್ಯಾಸವಾದರೂ ಡಿಸ್ಕ್ ಓದುವುದಿಲ್ಲ. ಸಣ್ಣ ಸ್ಕ್ರೂ ಸಡಿಲಿಸಿ, ಅಕ್ಷವನ್ನು ಚೂರು ತಿರುಗಿಸಿ, ಬಿಗಿದು, ಡಿಸ್ಕ್ ಹಾಕಿ, ದೋಷ ಸಂಖ್ಯೆ ನೋಡಿ, ಮತ್ತೆ ಸಡಿಲಿಸಿ. ಮೊದಲ ಡ್ರೈವ್ ಜೊತೆ ನಾನು ಒಂದು ಚಳಿಗಾಲವನ್ನೇ ಕಳೆದೆ. ಒಳ್ಳೆಯದೆಂದು ಖಚಿತವಾಗಿ ಗೊತ್ತಿರುವ ಡಿಸ್ಕ್ ಒಂದು ಕೈಯಲ್ಲಿರದೆ ಈ ಕೆಲಸಕ್ಕೆ ಕೂರಬೇಡಿ. ಯಂತ್ರ ಕೆಟ್ಟಿದೆಯೋ ಡಿಸ್ಕ್ ಕೆಟ್ಟಿದೆಯೋ ತಿಳಿಯದೆ ತಲೆ ಕೆಡುತ್ತದೆ.

ಆದರೆ ನನ್ನ ಲಾಭವೂ ಅಲ್ಲೇ ಇತ್ತು. ಆ ಕಾಲದಲ್ಲಿ ಅಂಗಡಿಯ ಡಿಸ್ಕ್ ರೈಟರ್‌ನಲ್ಲಿ 500 ಯೆನ್ ಕೊಟ್ಟರೆ ಹಳೆಯ ಆಟ ಅಳಿಸಿ ಹೊಸದನ್ನು ಬರೆದುಕೊಡುತ್ತಿದ್ದರು. ಹಾಗಾಗಿ ಮೇಲಿನ ಲೇಬಲ್ಲಿಗೂ ಒಳಗಿನ ಆಟಕ್ಕೂ ಸಂಬಂಧವಿರಬೇಕೆಂದೇನಿಲ್ಲ. ಲೇಬಲ್ ಕಿತ್ತುಹೋದ ಹಳದಿ ಡಿಸ್ಕ್‌ಗಳನ್ನು ಕಟ್ಟು ಕಟ್ಟಾಗಿ, ಒಂದಕ್ಕೆ ನೂರು ಯೆನ್ ಲೆಕ್ಕದಲ್ಲಿ ತಂದೆ. ಕಾಲುಭಾಗ ಬೂಷ್ಟು ಹಿಡಿದು ಸತ್ತಿದ್ದವು, ಏಕೆಂದರೆ ಹಳದಿ ಡಿಸ್ಕ್‌ಗೆ ಶಟರ್ ಇಲ್ಲ, ತೆರೆದ ಕಿಟಕಿಯೇ. ಉಳಿದವುಗಳಲ್ಲಿ ವಾಲಿಬಾಲ್, ಗಾಲ್ಫ್, ಮಾಜಾಂಗ್, ಕಂಪೈಲ್‌ನ 'ಜನಾಕ್' ಬಂದವು. ಈ ನಾಲ್ಕು ಆಟಗಳಿಂದ ಕ್ರೀಡೆ, ಮೇಜಿನಾಟ, ಶೂಟಿಂಗ್ ಎಂಬ ಮೂರು ಬಗೆಯ ಮನೆಗಳು ಒಂದೇ ಕಟ್ಟಿನಲ್ಲಿ ತುಂಬಿದವು. ಇನ್ನೊಂದು ಕಟ್ಟಿನಲ್ಲಿ 1988ರ 'ಫ್ಯಾಮಿಕಾಮ್ ತಾಂತೆಯಿ ಕುರಾಬು'ವಿನ ಮೊದಲ ಭಾಗ. ಈ ಪತ್ತೇದಾರಿ ಆಟ ಎರಡು ಭಾಗವಾಗಿ ಬೇರೆ ಬೇರೆ ತಿಂಗಳಲ್ಲಿ ಮಾರಾಟವಾಗಿತ್ತು. ಕೊಲೆಯಾಯಿತು, ಕೊಲೆಗಾರ ಯಾರೆಂದು ತಿಳಿಯಲು ಎರಡನೆಯ ಭಾಗಕ್ಕಾಗಿ ನಾನು ಅರ್ಧ ವರ್ಷ ಕಾಯಬೇಕಾಯಿತು. ನೆಟ್‌ನಲ್ಲಿ ನೋಡಿ ತಿಳಿದುಕೊಳ್ಳಲಿಲ್ಲ ಎಂಬುದನ್ನು ಹೆಮ್ಮೆಯಿಂದಲೇ ಬರೆಯುತ್ತೇನೆ.

ಹಣ ನುಂಗಿದ್ದು ಪಿಸಿ ಎಂಜಿನ್ ಸಾಲು. ಹ್ಯೂಕಾರ್ಡ್ ಆಟಗಳು ಸಲೀಸು: ತೆಳ್ಳನೆಯ ಕಾರ್ಡು, ಒರೆಸಿದರೆ ನಡೆಯುತ್ತದೆ, ನಡೆಯದಿದ್ದರೆ ತೆರೆದು ರಿಪೇರಿ ಮಾಡುವಂತೆಯೇ ಇಲ್ಲ. ಶೂಟಿಂಗ್ ಮನೆಗೆ 'ಆರ್-ಟೈಪ್ 1' ಹಾಕಿದೆ. ಒಂದು ಕಾರ್ಡಿನಲ್ಲಿ ಹಿಡಿಸದೆ 1988ರಲ್ಲಿ ಎರಡು ಕಾರ್ಡಾಗಿ ಬಂದ ಆಟ ಅದು, ಮೊದಲನೆಯದು ಅಗ್ಗ. ಆದರೆ ಓದುವ ಆಟ ಬೇಕೆಂದರೆ ಸಿಡಿ ಬೇಕು, ಅದಕ್ಕೆ ನಾನು ಆರಿಸಿದ್ದು ಸಿಡಿಯನ್ನೂ ಓದುವ 1991ರ ಪಿಸಿ ಎಂಜಿನ್ ಡುಒ ಯಂತ್ರ. ಅದರ ಬೋರ್ಡಿನ ಸಣ್ಣ ಕೆಪಾಸಿಟರ್‌ಗಳು ಸೋರಿ ತಾಮ್ರದ ಗೆರೆಗಳನ್ನು ತಿಂದುಹಾಕುತ್ತವೆ. ಬೆಸುಗೆ ಕಡ್ಡಿ ತಾಗಿಸಿದ ಕೂಡಲೇ ಕೊಳೆತ ಮೀನಿನ ವಾಸನೆ ಎದ್ದರೆ ಸೋರಿದೆ ಎಂದೇ ಅರ್ಥ. ಜಂಕ್ ಡುಒಗೇ ಹತ್ತು ಹನ್ನೆರಡು ಸಾವಿರ ಯೆನ್ ಕೇಳುತ್ತಾರೆ. ಮೊದಲನೆಯದರಲ್ಲಿ ಗೆರೆಗಳು ಎಷ್ಟು ಹೋಗಿದ್ದವೆಂದರೆ ತಂತಿ ಎಳೆದು ಎಳೆದು ಕೊನೆಗೆ ಬಿಟ್ಟೆ, ಅದರ ಲೆನ್ಸ್ ಮಾತ್ರ ಉಳಿಸಿಕೊಂಡೆ. ಎರಡನೆಯದಕ್ಕೆ ಒಬ್ಬ ರಿಪೇರಿಯವರು ಇಪ್ಪತ್ತು ಸಾವಿರ ಕೇಳಿದರು, ಮೇಲೆ ಮೂರು ತಿಂಗಳು ಕಾಯಿರಿ ಎಂದರು. ಒಂದೂವರೆ ಸಾವಿರದ ಕೆಪಾಸಿಟರ್ ತಂದು ನಾನೇ ಹಾಕಿದೆ. ಮೊದಲು ದನಿ ಬರಲಿಲ್ಲ, ಸತ್ತ ಗೆರೆಯೊಂದನ್ನು ಹುಡುಕಿ ಜೋಡಿಸಿದ ಮೇಲೆ ಬಂತು. ಕೊನಾಮಿಯ ಓದುವ ಆಟ 'ಸ್ನ್ಯಾಚರ್' ಅದರಲ್ಲಿ ಓಡಿದ ರಾತ್ರಿ ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. "ಸರಿ, ಇನ್ನು ಮಲಗಿ" ಎಂದಳು.

ಖರ್ಚು ಇಳಿಸಿದ್ದು ಮಾರಾಟ. ಕಟ್ಟಿನಲ್ಲಿ ಕೊಂಡಾಗ ಒಂದೇ ಆಟದ ನಾಲ್ಕೈದು ಪ್ರತಿಗಳು ಬರುತ್ತವೆ. ತೊಳೆದು, ಬ್ಯಾಟರಿ ಬದಲಿಸಿ, "ಸೇವ್ ಪರೀಕ್ಷಿಸಲಾಗಿದೆ" ಎಂದು ಫೋಟೋ ಸಮೇತ ಹಾಕಿದರೆ 110ರ ಆಟ 800ಕ್ಕೆ ಹೋಗುತ್ತದೆ. ಒಂದು ಎಚ್ಚರಿಕೆ: ಜಪಾನಿನಲ್ಲಿ ಮಾರುವ ಉದ್ದೇಶದಿಂದಲೇ ಹಳೆಯ ಸಾಮಾನು ಕೊಂಡರೆ ಕೊಬುತ್ಸು (ಹಳೆ ಸಾಮಾನಿನ ವ್ಯಾಪಾರದ) ಪರವಾನಗಿ ಬೇಕು. ಅರ್ಜಿ ಪೊಲೀಸ್ ಠಾಣೆಯಲ್ಲಿ, ಶುಲ್ಕ 19,000 ಯೆನ್, ಕೈಗೆ ಬರಲು ಸುಮಾರು ಒಂದೂವರೆ ತಿಂಗಳು ಬೇಕು. ನಾನು ಇಲ್ಲಿ ಕಾಯಂ ನಿವಾಸಿಯಾದ್ದರಿಂದ ತೊಂದರೆಯಾಗಲಿಲ್ಲ. ಕೆಲಸದ ವೀಸಾದಲ್ಲಿರುವವರು ಮೊದಲು ವಲಸೆ ಕಚೇರಿಯ ನಿಯಮ ನೋಡಿಕೊಳ್ಳಿ. ಮೇಲೆ ಹೇಳಿದ ಅರವತ್ತು ಸಾವಿರದಲ್ಲಿ ಈ ಶುಲ್ಕವೂ ಸೇರಿದೆ, ಪೆಟ್ರೋಲ್ ಸೇರಿಲ್ಲ. ಪೆಟ್ರೋಲ್ ಲೆಕ್ಕ ಬರೆದರೆ ಮನೆಯಲ್ಲಿ ಓದುವವರಿದ್ದಾರೆ.

ನಡುವೆ ಒಂದೆರಡು ಪ್ರಯೋಗ ಮಾಡಿದೆ. ಹಳದಿಗಟ್ಟಿದ ಸೂಪರ್ ಫ್ಯಾಮಿಕಾಮ್ ಹೊದಿಕೆಯನ್ನು ಬಟ್ಟೆಯ ಆಕ್ಸಿಜನ್ ಬ್ಲೀಚಿನಲ್ಲಿ ಮುಳುಗಿಸಿ ಆಗಸ್ಟ್ ಬಿಸಿಲಿಗೆ ಇಟ್ಟೆ. ಬೆಳ್ಳಗಾಯಿತು, ಆದರೆ ನೀರಿನ ಮೇಲೆ ತೇಲಿದ ಅಂಚಿನಲ್ಲಿ ಪಟ್ಟೆ ಬಿತ್ತು. ವರ್ಷ ಕಳೆಯುವಷ್ಟರಲ್ಲಿ ಮತ್ತೆ ಹಳದಿಗೆ ತಿರುಗಿತು. ಈಗ ಆ ಕೆಲಸ ಬಿಟ್ಟಿದ್ದೇನೆ.

ಇನ್ನೊಂದು ಶಿವಮೊಗ್ಗದಲ್ಲಿ. ತೊಂಬತ್ತರ ದಶಕದಲ್ಲಿ ನಮ್ಮ ಕಡೆ "ಟಿವಿ ಗೇಮ್" ಎಂದು ಸಿಗುತ್ತಿದ್ದದ್ದು ಬಹುಪಾಲು ಫ್ಯಾಮಿಕಾಮ್‌ನ ನಕಲು, ಅದೇ 60 ಪಿನ್ನಿನ ಕಾರ್ಟ್ರಿಡ್ಜ್. ತಮ್ಮ ಅಟ್ಟದ ಮೇಲಿಟ್ಟಿದ್ದ ಅಂಥದ್ದೊಂದಕ್ಕೆ ಕೊನಾಮಿಯ 1989ರ ಆ್ಯಕ್ಷನ್ ಆಟ 'ಅಕುಮಾಜೊ ದೆನ್ಸೆತ್ಸು' ಹಾಕಿ ನೋಡಿದೆ. ಓಡಿತು. ನಮ್ಮ ಟಿವಿಯ 50 ಹರ್ಟ್ಸ್‌ಗೆ ತಕ್ಕಂತೆ ಆರನೇ ಒಂದು ಭಾಗ ನಿಧಾನವಾಗಿ. ಆದರೆ ಸಂಗೀತ ಸೊರಗಿತ್ತು. ಆ ಕಾರ್ಟ್ರಿಡ್ಜ್ ಒಳಗಿನ ಕೊನಾಮಿ ಚಿಪ್ ಮೂರು ಹೆಚ್ಚುವರಿ ದನಿಗಳನ್ನು ಸೇರಿಸುತ್ತದೆ, ಅಸಲಿ ಫ್ಯಾಮಿಕಾಮ್ ಶಬ್ದವನ್ನು ಕಾರ್ಟ್ರಿಡ್ಜ್ ಮೂಲಕ ಹಾಯಿಸಿ ಹೊರಬಿಡುತ್ತದೆ. ನಕಲಿನಲ್ಲಿ ಆ ದಾರಿ ಇರಲಿಲ್ಲ. "ನಮಗೆ ಇದೇ ಸಂಗೀತ ಚೆನ್ನಾಗಿದೆ, ಅಣ್ಣ" ಎಂದ ತಮ್ಮ.

ಸ್ಯಾಟರ್ನ್‌ನ ಶೂಟಿಂಗ್ ಮನೆಯ ಬಗ್ಗೆ ಕೇಳುವವರಿಗೆ: 1998ರ 'ರೇಡಿಯಂಟ್ ಸಿಲ್ವರ್‌ಗನ್' ನನ್ನ ಬಳಿ ಇಲ್ಲ, ಕೊಳ್ಳುವುದೂ ಇಲ್ಲ. ಅಲ್ಲಿ 'ಗ್ರೇಡಿಯಸ್ ಡಿಲಕ್ಸ್ ಪ್ಯಾಕ್' ಕೂತಿದೆ, ಎರಡು ಆಟಕ್ಕೆ ಒಂದೇ ಬೆಲೆ, ಅದೂ ಡಬ್ಬಿಯ ಪಕ್ಕದ ಕಾಗದದ ಪಟ್ಟಿ ಇಲ್ಲದ್ದರಿಂದ ಇನ್ನೂ ಅಗ್ಗ. ಆ ಪಟ್ಟಿಗೆಂದೇ ಸಾವಿರಗಟ್ಟಲೆ ಸುರಿಯುವವರು ಕಾಗದವನ್ನು ಸಂಗ್ರಹಿಸುತ್ತಿದ್ದಾರೆ, ಆಟವನ್ನಲ್ಲ.

ಸದ್ಯ ತುಂಬಬಹುದಾಗಿದ್ದೂ ಖಾಲಿ ಇರುವುದು ವಂಡರ್‌ಸ್ವಾನ್ ಸಾಲಿನ ಮೂರು ನಾಲ್ಕು ಮನೆಗಳು. 1999ರಲ್ಲಿ 4,800 ಯೆನ್‌ಗೆ ಬಂದ ಆ ಪುಟ್ಟ ಯಂತ್ರದ ಆಟಗಳು ಬುಟ್ಟಿಗೆ ಬೀಳುವುದೇ ಕಡಿಮೆ. ಕ್ರೀಡೆಯದ್ದಾಗಲಿ ಮಾಜಾಂಗ್ ಆಗಲಿ ಯಾರ ಬಳಿಯಾದರೂ ಹೆಚ್ಚಿಗೆ ಇದ್ದರೆ, ಒಂದಕ್ಕೆ ಎರಡು 'ಡ್ರ್ಯಾಗನ್ ಕ್ವೆಸ್ಟ್ 3' ಕೊಡುತ್ತೇನೆ. ಬ್ಯಾಟರಿ ಹೊಸದು.